ದಾಕ್ಷಾಯಣಿ ಬಿಡದ ಸ್ವಿಚ್ಚು

ತರೀಕೆರೆ, ೧೯೮೪

ಗೆಳೆಯಾ ಷಣ್ಮುಖಪ್ಪ,

ನೀನು ತೀರಿಕೊಂಡ ಮೇಲೆ ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾದ ನಿನ್ನ ಹೆಂಡತಿ ದಾಕ್ಷಾಯಣಿ ಇವತ್ತು ಅಜ್ಜಂಪುರದಿಂದ ಮೊದಲ ಸಲ ನಮ್ಮನ್ನು ಕರೆದಳು. ಭಾನುವಾರ ನಾವು ಹ್ಯಾಮ್‌ನವರೆಲ್ಲ ರೇಡಿಯೋದಲ್ಲಿ ಸೇರುವ ಗದ್ದಲದಲ್ಲಿ ಅವಳ ದನಿ ಮುಳುಗಬಾರದೆಂದು ಎಲ್ಲರೂ ಸುಮ್ಮನಾಗಿ ಜಾಗ ಬಿಟ್ಟೆವು. ಅವಳೋ ಮಾತಾಡಲು ಒತ್ತಿದ ಸ್ವಿಚ್ಚನ್ನು ಬಿಡಲೇ ಇಲ್ಲ! ಬಿಡದೆ ನಮ್ಮ ಉತ್ತರ ಕೇಳುವುದು ಹೇಗೆ?

"ಒಬ್ರೂ ಉಸಿರೆತ್ತಲ್ವಲ್ಲ! ನಮ್ಮನೆಯವ್ರು ದಿನಾ ಯಾರ ಹತ್ರ ಹರಟ್ತಿದ್ರೋ!" ಎಂದು ಬೈದದ್ದು ಮೈಸೂರಿನವರೆಗೂ ಕೇಳಿತು.

ಕೊನೆಗೆ ಕೈ ಬಿಟ್ಟಳು. ನಗುತ್ತ ಒಬ್ಬೊಬ್ಬರಾಗಿ ಮಾತಾಡಿಸಿದೆವು. ನನ್ನ ಸರದಿ ಬಂದಾಗ, "ಪಂಚಾಕ್ಷರಣ್ಣಾ, ಅವ್ರು ಹೋದ್ಮೇಲೆ ನೀವು ಮನೆ ಕಡೆ ತಲೇನೇ ಹಾಕ್ಲಿಲ್ಲ. ಓವರ್," ಎಂದಳು.

ರೇಡಿಯೋ ಹಚ್ಚಿಕೊಂಡಿದ್ದ ಅಷ್ಟೂ ಊರುಗಳವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ನಾಳೇನೇ ಬತ್ತೀನಿ ಕಣಮ್ಮಾ," ಎಂದೆ.

ನಿಮ್ಮ ಬಾಗಿಲಲ್ಲಿ ನಿಂತು "ಲೇ ಷಣ್ಮುಖಾ" ಎಂದು ಕೂಗಿಯೇ ನನಗೆ ಅಭ್ಯಾಸ ಕಣೋ.