ಹಿಂದಕ್ಕೆಳೆದ ಕಾಲು

ಕಾಂಗಾಸ್,
ಫೆಬ್ರವರಿ ೧೨, ಬುಧವಾರ

ಪ್ರೀತಿಯ ಲೋಯಿಸಣ್ಣ,

ಹೇಗಿದ್ದೀಯ? ಬಲೆಯ ಹಗ್ಗ ಸುತ್ತಿಕೊಂಡು ಅಂಗೈಗೆ ಆಗಿದ್ದ ಗಾಯ ಮಾಗಿತೇ? ಅದಕ್ಕೆ ಉಪ್ಪುನೀರು ತಾಗಿಸಬೇಡ ಎನ್ನೋಣವೆಂದರೆ ನೀನಿರುವುದೇ ಉಪ್ಪುನೀರಿನ ನಡುವೆ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ರಕ್ತದೊತ್ತಡ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ನಿನ್ನ ಮಗಳು ಆಂತಿಯಾಳ ಮುಂದಿನ ಹಲ್ಲು ಬಿತ್ತು. "ಚಿಕ್ಕಪ್ಪಾ, ನಿನ್ನ ಮಂಡಿ ಥರ ಇದನ್ನೂ ಡಾಕ್ಟ್ರು ಹೊಸದು ಹಾಕ್ತಾರಾ?" ಎಂದು ಕೇಳಿದಳು. ಸಬೇಲಾ ಅತ್ತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನೂ ನಕ್ಕೆ.

ಹಡಗಿನಲ್ಲಿ ನಿಮಗೆ ಫುಟ್‌ಬಾಲ್ ಪಂದ್ಯದ ಫಲಿತಾಂಶವಾದರೂ ತಲುಪುತ್ತದಂತೆ. ಹಾಗಿದ್ದರೆ ಹೋದ ಭಾನುವಾರ ನಾವು ಒಂದು ಗೋಲಿನಿಂದ ಸೋತದ್ದು, ಒಂದೂವರೆ ವರ್ಷದ ಮೇಲೆ ನಾನು ಮತ್ತೆ ಮೈದಾನಕ್ಕೆ ಇಳಿದದ್ದು ನಿನಗೆ ಗೊತ್ತಿರಬೇಕು. ಇಪ್ಪತ್ತೊಂದನೇ ವಯಸ್ಸಿಗೆ ಮೊದಲ ದರ್ಜೆಯಲ್ಲಿ ಆಡುತ್ತಿದ್ದಾಗ ಎಡ ಮಂಡಿ ಹೋಯಿತು. ಆಮೇಲೆ ಬಲ ಮಂಡಿ, ಎರಡು ಸಲ. ಪತ್ರಿಕೆಯವರು ನನಗೆ 'ಗಾಜಿನ ಹುಡುಗ' ಎಂದು ಹೆಸರಿಟ್ಟರು. ಈಗ ಇಪ್ಪತ್ತೊಂಬತ್ತು. ಹುಡುಗ ಹೋದ, ಗಾಜು ಉಳಿಯಿತು. ಆಪರೇಷನ್ ಮಾಡಿದ ಡಾಕ್ಟರು ಮಂಡಿ ಮೊದಲಿಗಿಂತ ಗಟ್ಟಿಯಾಗಿದೆ ಎನ್ನುತ್ತಾರೆ. ಇಷ್ಟು ವರ್ಷ ನನ್ನ ಕಾಲು ತಿದ್ದಿ ವ್ಯಾಯಾಮ ಮಾಡಿಸಿದ ನಮ್ಮ ಫುಕೋ ಅದನ್ನೇ ತನ್ನ ರೀತಿಯಲ್ಲಿ ಹೇಳಿದ: "ಮಂಡಿ ನನ್ ಕೆಲ್ಸ ಕಣೋ, ಅದು ಮುಗೀತು. ತಲೆ ನಿಂದು, ನೀನೇ ನೋಡ್ಕೋ."

ಈ ಸಲ ಅಮ್ಮನೂ ಬಂದಿದ್ದಳು! ನಾನು ಮೊದಲ ಸಲ ಬಿದ್ದಾಗಿನಿಂದ ಆಟ ನೋಡುವುದನ್ನೇ ಬಿಟ್ಟಿದ್ದವಳು. "ಮಂಡಿ ಕೊಟ್ಟಿರೋದು ಮಾತೆ ಮುಂದೆ ಊರೋಕೆ, ಒದೆಸ್ಕೊಳ್ಳೋಕಲ್ಲ" ಎಂದು ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚುತ್ತ ಕೂರುತ್ತಿದ್ದವಳು. ಅತ್ತಿಗೆ ಅವಳನ್ನು ಎಳೆದುಕೊಂಡೇ ಬಂದರಂತೆ. ಜಿಟಿಜಿಟಿ ಮಳೆ. ಹಿಂದಿನ ಸಾಲಿನವನೊಬ್ಬ "ಅಮ್ಮಾ, ಛತ್ರಿ ಮಡಚಿ, ಏನೂ ಕಾಣಲ್ಲ" ಎಂದನಂತೆ. ಅಮ್ಮ ಬಿಡುತ್ತಾಳೆಯೇ? "ಅಲ್ಲಿ ಓಡ್ತಿರೋದು ನನ್ನ ಮಗ. ನೀನು ಬೇಕಾದ್ರೆ ನಿಂತ್ಕೊಂಡು ನೋಡು" ಅಂದಳಂತೆ.

ಕೊನೆಯ ಹೊತ್ತಿಗೆ ನನ್ನನ್ನು ಇಳಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನನ್ನ ಮತ್ತು ಎದುರಾಳಿಯೊಬ್ಬನ ನಡುವೆ ಯಾರದೂ ಅಲ್ಲದ ಚೆಂಡು ಬಂತು. ನಾನೇ ಹತ್ತಿರವಿದ್ದೆ. ಕಾಲು ಚಾಚಿದ್ದರೆ ಸಾಕಿತ್ತು. ಚಾಚಿದೆ ಎಂದೇ ಅಂದುಕೊಂಡೆ. ನೋಡಿದರೆ ಕಾಲು ಹಿಂದಕ್ಕೆ ಬಂದಿತ್ತು. ಅವನು ಚೆಂಡು ಒಯ್ದ, ಅದೇ ಗೋಲಾಯಿತು. ವಿಚಿತ್ರವೆಂದರೆ ಯಾರೂ ನನ್ನನ್ನು ಬೈಯಲಿಲ್ಲ. ಕೋಚ್ ಬೆನ್ನು ತಟ್ಟಿದರು. ಪತ್ರಿಕೆಯಲ್ಲಿ 'ಎಚ್ಚರಿಕೆಯ ಆಟ' ಎಂದು ಬರೆದರು. ಯಾರಿಗೂ ಕಾಣಲಿಲ್ಲ ಎಂದು ಸಮಾಧಾನವಾಯಿತು. ಆದರೆ ಮನೆಯಲ್ಲಿ ಅಮ್ಮ ಬಟ್ಟಲಿಗೆ ಸೊಪ್ಪಿನ ಸಾರು ಬಡಿಸುತ್ತ, "ಆ ಚೆಂಡಿಗೆ ಕಾಲು ಹಿಂದಕ್ಕೆಳ್ಕೊಂಡೆ ನೋಡು, ಆಗ ನಂಗೆ ಜೀವ ಬಂತು ಮಗ. ಒಳ್ಳೇ ಕೆಲ್ಸ ಮಾಡ್ದೆ" ಎಂದಳು.

ನಾನು ಊಟ ಬಿಟ್ಟು ಎದ್ದುಹೋದೆ, ಅಣ್ಣ. ಬಂದರುಕಟ್ಟೆಯ ಮೇಲೆ ಹೋಗಿ ನಿಂತೆ. ಸಿಟ್ಟು ಯಾರ ಮೇಲೆ ಎಂದೇ ಗೊತ್ತಾಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಕಾಲು ಉಳಿಯಿತು. ಆದರೆ ಹೆದರಿದ್ದು ನಾನೋ, ಕಾಲೋ? ಕಾಲಾದರೆ ಅಭ್ಯಾಸದಿಂದ ಸರಿಹೋದೀತು. ನಾನಾದರೆ? ಕ್ಲಬ್ಬಿನವರು ಮುಂದಿನ ವರ್ಷದಿಂದ ಚಿಕ್ಕ ಮಕ್ಕಳಿಗೆ ಆಟ ಕಲಿಸಲು ಕರೆಯುತ್ತಿದ್ದಾರೆ. ಅಮ್ಮ ಒಪ್ಪಿಕೋ ಎನ್ನುತ್ತಾಳೆ. ಫುಕೋ, "ಒಂದ್ಸಲ ಕಾಲಿಟ್ಟು ನೋಡು. ಆಮೇಲೆ ಬಿಡೋದಾದ್ರೆ ಬಿಡು" ಎನ್ನುತ್ತಾನೆ. ಮನೆಯಲ್ಲಿದ್ದಾಗ ಬಿಟ್ಟುಬಿಡೋಣ ಅನಿಸುತ್ತದೆ. ಒದ್ದೆ ಹುಲ್ಲಿನ ಮೇಲೆ ಬೂಟು ಊರಿದ ಕೂಡಲೇ, ಇನ್ನೊಂದು ವರ್ಷ ಆಡಿದರೇನು ಅನಿಸುತ್ತದೆ. ಎರಡೂ ನಿಜ, ಅದೇ ತೊಂದರೆ.

ಅಮ್ಮನ ಆಶೀರ್ವಾದ, ಆಂತಿಯಾಳ ಬೊಚ್ಚುಬಾಯಿಯ ಮುತ್ತು, ನೀನು ಹುಟ್ಟುಹಬ್ಬ ಮರೆತದ್ದಕ್ಕೆ ಅತ್ತಿಗೆಯ ಮುನಿಸು ಎಲ್ಲವನ್ನೂ ಈ ಲಕೋಟೆಯಲ್ಲಿ ತುಂಬಿದ್ದೇನೆ. ಕೈ ಜೋಪಾನ.

ನಿನ್ನ ತಮ್ಮ,
ಬ್ರೈಶೋ

ತಾ.ಕ.: ಇವತ್ತು ಸೋಮವಾರ. ನಿಮ್ಮ ಹಡಗಿಗೆ ಬದಲಿ ಕೆಲಸಗಾರನಾಗಿ ಬರುತ್ತಿರುವ ಸುಸೋ ಈ ಪತ್ರ ಒಯ್ಯಲು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಮೊದಲಿನಿಂದಲೇ ಆಡಿಸಿದರು. ಮತ್ತೆ ಅಂಥದೇ ಚೆಂಡು ಬಂತು. ಎದುರಿಗೆ ಎನೆಕೋ ಎಂಬ, ದೂರದ ಬಾಸ್ಕ್ ಸೀಮೆಯ ಹುಡುಗ, ಇಪ್ಪತ್ತು ವರ್ಷ. ಈ ಸಲ ಕಾಲಿಟ್ಟೆ. ನನ್ನ ಮಂಡಿ ಬಂಡೆಯ ಹಾಗೆ ನಿಂತಿತು. ಅವನದು ತಿರುಚಿಕೊಂಡಿತು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅದು ಏನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ತಪ್ಪಿಲ್ಲ ಎಂದು ರೆಫರಿ ಆಟ ಮುಂದುವರಿಸಿದರು. ಜನ ನನ್ನ ಹೆಸರು ಕೂಗುತ್ತಿದ್ದರು. ಅವನು ನನ್ನ ಅಂಗಿ ಹಿಡಿದುಕೊಂಡು "ಏನಾಗಿಲ್ಲ ಅಲ್ವಾ?" ಎಂದ. "ಏನಾಗಿಲ್ಲ" ಎಂದೆ.

ಈಗ ಅವನು ವೀಗೋದ ಆಸ್ಪತ್ರೆಯಲ್ಲಿದ್ದಾನೆ. ಅವನ ಮನೆಯವರು ಬರುವುದು ಸಂಜೆಗೆ. ಅಮ್ಮ ಫ್ಲಾಸ್ಕಿಗೆ ಸಾರು ತುಂಬಿ, ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ನಡಿ, ಆ ಮಗೂಗೆ ಈ ಕಡೆ ಯಾರಿದಾರೆ?" ಎನ್ನುತ್ತಿದ್ದಾಳೆ. ಅಲ್ಲಿಗೆ ಹೋದರೆ, ಮತ್ತೆ ಆಡ್ತೀನಾ ಎಂದು ಅವನು ನನ್ನನ್ನೇ ಕೇಳುತ್ತಾನೆ. ನನ್ನನ್ನೇ ನೋಡು, ಆಡುತ್ತಿದ್ದೇನಲ್ಲ ಎನ್ನಲೇ? ನನ್ನನ್ನೇ ನೋಡು, ಬೇಡ ಎನ್ನಲೇ? ನೀನಾಗಿದ್ದರೆ ಏನು ಹೇಳುತ್ತಿದ್ದೆ, ಅಣ್ಣ? ಬರೆದು ತಿಳಿಸು. ನಿನ್ನ ಉತ್ತರ ಬರುವಷ್ಟರಲ್ಲಿ ನಾನು ಏನೋ ಒಂದು ಹೇಳಿಬಿಟ್ಟಿರುತ್ತೇನೆ.