ತಪಾಸಣಾ ಅಂಗಳದ ಗೋಡೆಯ ಮೇಲಿನ ಮುಚ್ಚಳಗಳು

ವಾಹನ ತಪಾಸಣಾ ಅಂಗಳದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ‘ಮಾನ್ಯರೇ’ಯನ್ನು ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಅದಿಲ್ಲದಿದ್ದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲವಂತೆ. ಆದ್ದರಿಂದ ಆ ಗೌರವ ಅವರು ಕೊಟ್ಟದ್ದೆಂದು ತಿಳಿಯಿರಿ, ನಾನು ಕೊಟ್ಟದ್ದಲ್ಲ. ನನ್ನ ಸೊಸೆಯ ಚಾಲನಾ ಪರವಾನಗಿಯನ್ನು ನೀವು ಕಿತ್ತುಕೊಂಡಿದ್ದೀರಿ. ಸೇತುವೆಯ ಮೇಲೆ ಅವಳ ಕಾರು ಇದ್ದಕ್ಕಿದ್ದಂತೆ ನಿಂತು, ಹಿಂದಿನಿಂದ ಬಂದ ಬಸ್ಸು ಗುದ್ದಿ, ಒಳಗಿದ್ದ ರೋಗಿಯೊಬ್ಬರ ಭುಜ ಮುರಿಯಿತು. ಅದಕ್ಕೆ ನೀವು ‘ವಾಹನದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ, ದೋಷ ಚಾಲಕಿಯದು’ ಎಂದು ಷರಾ ಬರೆದು ಮೊಹರು ಒತ್ತಿದಿರಿ. ದೋಷ ಕಾರಿನಲ್ಲಿಯೇ ಇತ್ತು. ಅದನ್ನು ಅಲ್ಲಿಟ್ಟವರು ನೀವು. ನಿಮ್ಮ ಕೈಯಿಂದಲೇ ಇಟ್ಟದ್ದು ನಿಮ್ಮ ಕಣ್ಣಿಗೇ ಬೀಳದೆ ಹೋದದ್ದು ಹೇಗೆಂದು ಬಿಡಿಸಿ ಹೇಳುತ್ತೇನೆ. ನಿಮ್ಮ ಕೊಠಡಿಯಲ್ಲಿ ನಿಂತುಕೊಂಡೇ ಹೇಳಿದ್ದೆ. ನೀವು ಫೋನಿನಲ್ಲಿದ್ದಿರಿ. ಈಗ ಊರಿನ ಎದುರು ಹೇಳುತ್ತಿದ್ದೇನೆ.

ನಾನು ಐದನೇ ತರಗತಿಗೇ ಶಾಲೆ ಬಿಟ್ಟವಳು. ಸಹಿ ಮಾಡುವುದಕ್ಕೆ ಹೆಚ್ಚು, ಅರ್ಜಿ ಬರೆಯುವುದಕ್ಕೆ ಕಡಿಮೆ ಎನ್ನುವಷ್ಟು ಓದು. ಗಂಡನೊಂದಿಗೆ ಎಣ್ಣೆ ಅಂಗಡಿ ನಡೆಸಿ, ಅವರು ಹೋದ ಮೇಲೆ ಒಬ್ಬಳೇ ನಡೆಸಿ, ಮಂಡಿ ಸೋತ ಮೇಲೆ ಬಾಗಿಲು ಹಾಕಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ.

ಸೊಸೆಯನ್ನು ಬೈಯುವ ಕೆಲಸದಲ್ಲಿ ನನಗೆ ಸರ್ಕಾರದ ನೆರವು ಬೇಕಾಗಿಲ್ಲ. ಅವಳು ಹಾಲು ಒಲೆಯ ಮೇಲಿಟ್ಟು ಫೋನು ಹಿಡಿಯುತ್ತಾಳೆ. ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲಿಯೇ ಮರೆಯುತ್ತಾಳೆ. ನಾನು ಒಂದು ಅಂದರೆ ತಿರುಗಿ ಎರಡು ಅನ್ನುತ್ತಾಳೆ. ಇದನ್ನೆಲ್ಲ ನಾನು ದಿನಾ ಅನ್ನುತ್ತಲೇ ಬಂದಿದ್ದೇನೆ, ಮುಂದೆಯೂ ಅನ್ನುತ್ತೇನೆ. ಆದರೆ ಸ್ಟೀರಿಂಗ್ ಹಿಡಿದಳೆಂದರೆ ಅವಳು ಬೇರೆಯೇ ಹೆಂಗಸು. ಮೂತ್ರಪಿಂಡ ಕೈಕೊಟ್ಟವರನ್ನು ರಕ್ತ ಶುದ್ಧಿ ಮಾಡಿಸಲು ಆಸ್ಪತ್ರೆಗೆ ಕರೆದೊಯ್ದು ತರುವುದು ಅವಳ ಕಸುಬು. ಆ ಜನ ಹೋಗುವಾಗ ಊದಿಕೊಂಡಿರುತ್ತಾರೆ, ಬರುವಾಗ ಹಿಂಡಿದ ಬಟ್ಟೆಯಂತಿರುತ್ತಾರೆ. ಗುಂಡಿಗೆ ಚಕ್ರ ಇಳಿದರೆ ಅವರ ಜೀವ ಬಾಯಿಗೆ ಬರುತ್ತದೆ. ನಮ್ಮ ಬೀದಿಯ ತುದಿಯ ಟೈಲರಣ್ಣ ಅವಳ ಕಾರು ಬಿಟ್ಟು ಬೇರೆಯವರ ಕಾರಿನಲ್ಲಿ ಹೋಗಿದ್ದೇ ಇಲ್ಲ. ‘ನಿಮ್ಮ ಸೊಸೆ ಗೇರು ಬದಲಾಯ್ಸೋದು ನನಗೆ ಗೊತ್ತೇ ಆಗಲ್ಲಕ್ಕ, ನಾನು ರೇಷ್ಮೆ ಹೊಲಿಯೋ ಹಾಗೆ’ ಎನ್ನುತ್ತಿದ್ದ. ಆ ಟೈಲರಣ್ಣನ ಬಲ ಭುಜವೇ ಸೇತುವೆಯ ಮೇಲೆ ಮುರಿದದ್ದು. ಈಗ ಅವನ ಕತ್ತರಿ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದೆ.

ಈಗ ನಿಮ್ಮ ಅಂಗಳಕ್ಕೆ ಬರೋಣ. ವರ್ಷಕ್ಕೊಮ್ಮೆ ಬಾಡಿಗೆ ಕಾರುಗಳೆಲ್ಲ ಅಲ್ಲಿಗೆ ಬಂದು ಸಾಲುಗಟ್ಟಬೇಕು. ಗೇಟಿನಲ್ಲಿ ನಿಮ್ಮ ಕಾವಲಿನವನೊಬ್ಬ ನಿಂತಿರುತ್ತಾನೆ. ಬಂದ ಪ್ರತಿ ಕಾರಿನ ಇಂಧನ ಟ್ಯಾಂಕಿನ ಮುಚ್ಚಳವನ್ನು ಮೊದಲು ತಿರುಗಿಸಿ ತೆಗೆಯುವುದು ಅವನ ಕೆಲಸ. ಕಲಬೆರಕೆ ಇಂಧನದ ವಾಸನೆ ನೋಡಲಿಕ್ಕಂತೆ. ಎಂದೋ ಯಾರೋ ಮಾಡಿದ ನಿಯಮ. ಮೂಸುತ್ತಾನೋ ಇಲ್ಲವೋ ದೇವರೇ ಬಲ್ಲ, ತೆಗೆದ ಮುಚ್ಚಳವನ್ನು ಮಾತ್ರ ಪಕ್ಕದ ಮೋಟು ಗೋಡೆಯ ಮೇಲಿಡುತ್ತಾನೆ. ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಕಾರು ಒಳಗೆಲ್ಲ ಸುತ್ತಿ ಹೊರಗೆ ಬರುವಾಗ ಗೋಡೆಯಿಂದ ಒಂದನ್ನೆತ್ತಿ ತಿರುಪಿ ಕಳಿಸುತ್ತಾನೆ. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗುವ ಹಾಗೆ ನಿಮ್ಮ ಗೋಡೆಯ ಮೇಲೆ ಮುಚ್ಚಳಗಳು ಅದಲುಬದಲಾಗುತ್ತವೆ. ಕಾಲಿಗಾದರೆ ಕಚ್ಚಿದ್ದು ತಿಳಿಯುತ್ತದೆ. ಹೇಳಲು ಟ್ಯಾಂಕಿಗೆ ಬಾಯಿ ಎಲ್ಲಿದೆ?

ಈ ವರ್ಷದ ತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ. ಕಾರು ಹೊರಗೆ ಬಂದಾಗ ಅವನು ಹಾಕಲು ಹೊರಟದ್ದು ಬೂದು ಮುಚ್ಚಳ. ನಮ್ಮದು ಕಪ್ಪು. ಸೊಸೆ ಕೂಡಲೇ ಹೇಳಿದಳು.

‘ಅಣ್ಣಾ, ಇದು ನಮ್ಮದಲ್ಲ.’

‘ಕೂರುತ್ತಾ ಇಲ್ವಾ ನೋಡಿ ಮೇಡಂ.’ ಅವನು ತಿರುಪಿ ತೋರಿಸಿದ. ‘ಕೂತಿತಲ್ಲ.’

‘ಕೂತಿದೆ, ಆದ್ರೆ ನಮ್ಮದಲ್ಲ.’

‘ಕೂತ ಮೇಲೆ ನಿಮ್ಮದೇ. ಹಿಂದೆ ಗಾಡಿ ನಿಂತಿವೆ, ಮುಂದೆ ಹೋಗಿ.’

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಮದುವೆಗೆ ಗಂಡು ಹುಡುಕೋವಾಗ್ಲೂ ಹೀಗೇನಾ ನಿಮ್ಮನೇಲಿ?’ ಎಂದೆ. ಸಾಲಿನಲ್ಲಿದ್ದವರು ನಕ್ಕರು. ಅವನೂ ನಕ್ಕ. ನಾವು ಹೊರಟೆವು, ಬೂದು ಮುಚ್ಚಳದೊಂದಿಗೆ.

ಆ ದಿನದಿಂದಲೇ ಕಾರಿಗೆ ರೋಗ ಹಿಡಿಯಿತು. ಹೊರಟಾಗ ಚೆನ್ನಾಗಿರುತ್ತಿತ್ತು. ಸ್ವಲ್ಪ ದೂರ ಓಡಿದ ಮೇಲೆ ಮೊದಲು ಏದುಸಿರು, ಆಮೇಲೆ ಒಂದೆರಡು ಕೆಮ್ಮು, ಆಮೇಲೆ ನಿಶ್ಶಬ್ದ. ಬದಿಗೆ ತಳ್ಳಿ ಬಹಳ ಹೊತ್ತು ಕಾದರೆ ಏನೂ ಆಗದಂತೆ ಮತ್ತೆ ಶುರುವಾಗುತ್ತಿತ್ತು. ಟ್ಯಾಂಕು ತುಂಬಿಸಿದ ದಿನ ಇನ್ನೂ ಬೇಗ ನಿಲ್ಲುತ್ತಿತ್ತು. ‘ಊಟ ಜಾಸ್ತಿಯಾದ್ರೆ ಯಾರಿಗಾದ್ರೂ ನಿದ್ದೆ ಬರುತ್ತೆ’ ಎಂದು ನನ್ನ ಮಗ ತಮಾಷೆ ಮಾಡಿದ. ಮೆಕ್ಯಾನಿಕ್ಕು ಇಂಧನದ ಜರಡಿ ಬದಲಾಯಿಸಿದ, ಇಂಧನ ಮೇಲೆತ್ತುವ ಪಂಪನ್ನೂ ಬದಲಾಯಿಸಿದ, ಎಂಜಿನ್ನಿಗೆ ಇಂಧನ ಚಿಮುಕಿಸುವ ಸೂಜಿಬಾಯಿಗಳನ್ನು ತೊಳೆದ. ಪ್ರತಿ ಸಲವೂ ಅವನ ಗ್ಯಾರೇಜಿನಲ್ಲಿ ಕಾರು ಕುದುರೆಯಂತೆ ಕೆನೆಯುತ್ತಿತ್ತು. ಡಾಕ್ಟರನ್ನು ಕಂಡ ಕೂಡಲೇ ಹೊಟ್ಟೆನೋವು ಮಾಯವಾಗುವ ಮಕ್ಕಳ ಹಾಗೆ. ‘ಮತ್ತೆ ನಿಂತ್ರೆ ಮತ್ತೆ ತನ್ನಿ’ ಎಂದು ಅವನು ಕಳಿಸುತ್ತಿದ್ದ. ಮತ್ತೆ ನಿಂತಿತು. ಆ ಸಲ ಸೇತುವೆಯ ಮೇಲೆ.

ಗುದ್ದಿಸಿಕೊಂಡ ಕಾರನ್ನು ಎಳೆದುಕೊಂಡು ಹೋದದ್ದು ನಿಮ್ಮ ಅಂಗಳಕ್ಕೇ. ಅದೇ ಗೇಟು, ಅದೇ ಕಾವಲಿನವನು. ನಿಯಮದ ಪ್ರಕಾರ ಮೊದಲು ಮುಚ್ಚಳ ತಿರುಗಿಸಿದ. ‘ಉಸ್ಸ್’ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಜೊತೆಗೆ ಹೋಗಿದ್ದ ನನಗೂ ಕೇಳಿಸಿತು. ‘ಅಬ್ಬಾ, ಗಾಡಿಯೂ ನಿಟ್ಟುಸಿರು ಬಿಡುತ್ತಪ್ಪ!’ ಎಂದ ಅವನು, ಮುಚ್ಚಳವನ್ನು ಗೋಡೆಯ ಮೇಲಿಟ್ಟ. ಅಷ್ಟೇ. ರೋಗ ಗೇಟಿನಲ್ಲಿಯೇ ವಾಸಿಯಾಯಿತು. ಒಳಗೆ ನಿಮ್ಮ ಬಿಳಿ ಕೋಟಿನವರು ಕೊಳವೆಗೆ ಮಾಪಕ ಸಿಕ್ಕಿಸಿ, ತೆರೆದ ಟ್ಯಾಂಕಿನಿಂದ ಎಂಜಿನ್ನು ಓಡಿಸಿ, ಇಂಧನ ಸರಾಗವಾಗಿ ಬರುತ್ತಿದೆ ಎಂದು ತಲೆಯಾಡಿಸಿದರು. ಮುಚ್ಚಳ ತೆಗೆದ ಮೇಲೆ ಬರದೆ ಇನ್ನೇನು? ಕೊರಳಿಗೆ ಹಗ್ಗ ಬಿಗಿದವನನ್ನು ಹಗ್ಗ ಬಿಚ್ಚಿ ಮಲಗಿಸಿ, ಉಸಿರಾಟ ಚೆನ್ನಾಗಿದೆ ಎಂದು ಬರೆದುಕೊಟ್ಟಿರಿ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನೀವು ಸೊಸೆಗೆ ಉಪದೇಶವನ್ನೂ ಮಾಡಿದಿರಿ. ಸ್ವಾಮಿ, ಯಂತ್ರ ಸುಳ್ಳು ಹೇಳಲಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ.

ನಿಮ್ಮ ಷರಾ ನಮ್ಮ ಮನೆಯೊಳಗೆ ಏನು ಮಾಡಿತು ಎಂದು ತಿಳಿದುಕೊಳ್ಳುವ ಮನಸ್ಸಿದೆಯೇ? ಮನಸ್ಸಿಲ್ಲದಿದ್ದರೂ ಓದಿ. ನನ್ನ ಮಗ ಮುದ್ರಣಾಲಯದಲ್ಲಿ ದುಡಿಯುವವನು. ಅಚ್ಚಾದದ್ದೆಲ್ಲ ನಿಜವೆಂದು ನಂಬುವ ಕಾಯಿಲೆ ಅವನಿಗೆ ಮೊದಲಿನಿಂದಲೂ ಇದೆ. ಅವನು ಷರಾವನ್ನು ಓದಿ, ಮಡಿಸಿ, ಹೆಂಡತಿಯ ಮುಖ ನೋಡದೆ ಕೇಳಿದ.

‘ನೀನು ಕ್ಲಚ್ಚು ಸರಿಯಾಗಿ ಒತ್ತಿದ್ಯಾ?’

‘ಸೇತುವೆ ಮೇಲೆ ಒಂದೇ ವೇಗದಲ್ಲಿ ಹೋಗ್ತಿದ್ದೆ ರೀ. ಕ್ಲಚ್ಚು ಯಾಕೆ ಮುಟ್ಟಲಿ?’

‘ಮತ್ತೆ ಇವ್ರು ಹೀಗೆ ಯಾಕೆ ಬರೀತಾರೆ? ಅವ್ರಿಗೇನು ನಿನ್ನ ಮೇಲೆ ಹಗೆನಾ?’

ತಿರುಗಿ ಎರಡು ಅನ್ನುವ ನನ್ನ ಸೊಸೆ ಕಾರಿನ ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ ಒಳಗೆ ಹೋದಳು. ಮಾರನೆಯ ದಿನ ಬೆಳಿಗ್ಗೆ ಬಟ್ಟೆ ಹಿಂಡುತ್ತಾ, ನನ್ನ ಕಡೆ ನೋಡದೆ, ‘ಅತ್ತೆ, ನಾನೇ ಏನಾದ್ರೂ ತಪ್ಪು ಮಾಡಿದ್ನಾ?’ ಎಂದಳು. ಪರವಾನಗಿ ಹೋದದ್ದು ನನಗೆ ಅಷ್ಟು ಉರಿಯಲಿಲ್ಲ, ಈ ಮಾತು ಉರಿಯಿತು. ಅವಳು ತನ್ನ ಕೈಗಳನ್ನೇ ನಂಬದ ಹಾಗೆ ಮಾಡಿಬಿಟ್ಟಿರಿ ನೀವು. ಟೈಲರಣ್ಣನನ್ನು ನೋಡಲು ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದಳು. ಯಾರ ಕಾರಿನಲ್ಲೂ ಮುಂದಿನ ಸೀಟಿನಲ್ಲಿ ಕೂರುವುದಿಲ್ಲ.

ದೋಷ ಕಂಡುಹಿಡಿದವರು ಯಾರು ಎನ್ನುತ್ತೀರೋ? ಯಾರೂ ಅಲ್ಲ. ನಮ್ಮಲ್ಲಿ ಯಾರೂ ಜಾಣರಲ್ಲ. ನಿಮ್ಮ ಕಾವಲಿನವನು ಅದೇ ಬೂದು ಮುಚ್ಚಳವನ್ನೇ ತಿರುಪಿ ಕಾರನ್ನು ವಾಪಸು ಕಳಿಸಿದ್ದ. ಹಿಂಬದಿ ತಟ್ಟಿಸಿ ಸರಿಮಾಡಿಸಿ ತಂದ ಮೇಲೆ ಒಂದು ದಿನ ಟೈಲರಣ್ಣನನ್ನು ಆಸ್ಪತ್ರೆಯಿಂದ ಕರೆತರಲು ನನ್ನ ಮಗನೇ ಓಡಿಸಿದ. ನಾನು ಹಿಂದೆ ಕೂತಿದ್ದೆ. ದಾರಿಯಲ್ಲಿ ಅದೇ ಏದುಸಿರು, ಅದೇ ಕೆಮ್ಮು, ನಿಂತಿತು.

‘ಈಗ ಕ್ಲಚ್ಚು ಯಾರು ಬಿಟ್ಟಿದ್ದಪ್ಪ?’ ಎಂದೆ.

‘ಸುಮ್ನಿರಮ್ಮ. ಇಂಧನ ಮುಗಿದಿರ್ಬೇಕು.’ ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿತ್ತು. ಮುಳ್ಳೇ ಕೆಟ್ಟಿದೆ ಎಂದು ಗೊಣಗಿಕೊಂಡು, ಡಿಕ್ಕಿಯಿಂದ ಕ್ಯಾನು ತೆಗೆದು, ಮುಚ್ಚಳ ತಿರುಗಿಸಿದ. ‘ಉಸ್ಸ್’! ಅವನು ಹಾವು ಕಂಡಂತೆ ಹಿಂದಕ್ಕೆ ಹಾರಿದ. ಕ್ಯಾನು ನೋಡಿದರೆ ಅದರಲ್ಲಿ ಒಂದು ತೊಟ್ಟೂ ಇರಲಿಲ್ಲ. ಬೇರೆ ದಾರಿ ಕಾಣದೆ ಸುಮ್ಮನೆ ಕೀಲಿ ತಿರುಗಿಸಿದ. ಕಾರು ಶುರುವಾಯಿತು. ಮುಚ್ಚಿ ಹೊರಟೆವು. ಮತ್ತೆ ಸ್ವಲ್ಪ ದೂರಕ್ಕೆ ನಿಂತಿತು. ತೆರೆದ, ಉಸ್ಸ್, ಶುರುವಾಯಿತು.

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮುದುಡಿ ಕೂತಿದ್ದ ಟೈಲರಣ್ಣ, ‘ಅದರ ಬಾಯಿಗೆ ಬಟ್ಟೆ ಕಟ್ಟಿ ಹೊರಡು ಮಾರಾಯ, ನಾನು ಮನೆಗೆ ಹೋಗ್ಬೇಕು’ ಎಂದು ಕರವಸ್ತ್ರ ಕೊಟ್ಟ. ಮುಚ್ಚಳ ನನ್ನ ಕೈಚೀಲಕ್ಕೆ ಬಂತು. ಬಟ್ಟೆ ಕಟ್ಟಿದ ಕಾರು ಮನೆಯವರೆಗೂ ಒಮ್ಮೆಯೂ ಕೆಮ್ಮಲಿಲ್ಲ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳುವುದಿಲ್ಲ, ಗಾಳಿ ಒಳಗೆ ಹೋಗಲು ಇನ್ನೊಂದು ಬೇಕು. ಜೀವಮಾನವಿಡೀ ಎರಡು ತೂತು ಹೊಡೆದ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಮ್ಮ ಕಪ್ಪು ಮುಚ್ಚಳದಲ್ಲಿ ಸೂಜಿಯಷ್ಟು ತೂತಿತ್ತು, ಇಂಧನ ಖಾಲಿಯಾದಷ್ಟೂ ಗಾಳಿ ಒಳಗೆ ಹೋಗುತ್ತಿತ್ತು. ಈ ಬೂದು ಮುಚ್ಚಳ ಗಾಳಿಗೆ ಪ್ರತ್ಯೇಕ ಕೊಳವೆಯಿರುವ ಬೇರೆ ಬಗೆಯ ಕಾರಿನದು, ಅದರಲ್ಲಿ ತೂತೇ ಇಲ್ಲ. ಪಂಪು ಹೀರುತ್ತದೆ, ಗಾಳಿ ಬರುವುದಿಲ್ಲ, ಕೊನೆಗೆ ಪಂಪು ಸೋಲುತ್ತದೆ. ಮೆಕ್ಯಾನಿಕ್ಕಿಗೆ ತೋರಿಸಿದಾಗ ಅವನು ಹಣೆ ಬಡಿದುಕೊಂಡ. ಅವನೂ ಪ್ರತಿ ಸಲ ಕೆಲಸ ಶುರು ಮಾಡುವ ಮೊದಲು ಮುಚ್ಚಳ ತೆಗೆದು ಪಕ್ಕಕ್ಕಿಡುತ್ತಿದ್ದನಂತೆ. ಆದರೆ ಅವನು ಹಣೆಯಾದರೂ ಬಡಿದುಕೊಂಡ.

ನೀವು? ಮರುತಪಾಸಣೆಗೆ ಅರ್ಜಿ ಹಾಕಿ ಎಂದಿರಿ, ಹಾಕಿದೆವು. ದೋಷ ಇದ್ದದ್ದು ಇದ್ದಂತೆ ನಿಮಗೆ ಸಿಗಲಿ ಎಂದು ಆ ಬೂದು ಮುಚ್ಚಳವನ್ನೇ ಬಿಗಿದು, ನನ್ನ ಮಗ ದಾರಿಯಲ್ಲಿ ನಿಂತೂ ನಿಂತೂ ಕಾರನ್ನು ನಿಮ್ಮ ಗೇಟಿಗೆ ತಂದ. ನಾನು ಇಳಿದು ಟ್ಯಾಂಕಿಗೆ ಅಡ್ಡ ನಿಂತೆ.

‘ಕೈಮುಗೀತೀನಪ್ಪ, ಇದೊಂದು ಮುಚ್ಚಳ ಮುಟ್ಬೇಡ. ಮುಚ್ಚಿದ ಹಾಗೇ ಒಳಗೆ ಬಿಡು.’

‘ನಿಯಮ ಅಮ್ಮಾ. ತೆಗೀದೆ ಬಿಟ್ರೆ ನನ್ನ ಕೆಲಸ ಹೋಗುತ್ತೆ.’

‘ತೆಗೆದ್ರೆ ನನ್ನ ಸೊಸೆ ಕೆಲಸ ಹೋಗುತ್ತೆ!’

‘ಅದು ಆಗ್ಲೇ ಹೋಗಿದೆಯಲ್ಲಮ್ಮ’ ಎಂದ. ಕೆಟ್ಟ ಮನಸ್ಸಿನಿಂದ ಅಲ್ಲ, ಪಾಪ, ಕಂಡದ್ದನ್ನು ಹೇಳಿದ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಉಸ್ಸ್. ಒಳಗೆ ಮಾಪಕ, ಬಿಳಿ ಕೋಟು, ತಲೆಯಾಟ. ದೋಷ ಕಂಡುಬಂದಿಲ್ಲ. ಗೋಡೆಯ ಮೇಲಿದ್ದ ಬೂದು ಮುಚ್ಚಳವನ್ನೆತ್ತಿ ಕೈಚೀಲಕ್ಕೆ ಹಾಕಿಕೊಂಡು ನಿಮ್ಮ ಕೊಠಡಿಗೆ ಬಂದರೆ, ‘ಎರಡೆರಡು ಸಲ ನೋಡಿಯಾಯ್ತಲ್ಲ, ಇನ್ನೇನು ಬೇಕು ನಿಮಗೆ?’ ಎಂದಿರಿ. ಆಮೇಲೆ ಫೋನು ಬಂತು.

ಏನು ಬೇಕು ಎಂದು ಕೇಳಿದಿರಲ್ಲ, ಹೇಳುತ್ತೇನೆ. ನನಗೆ ಪರಿಹಾರ ಬೇಡ. ಕಾವಲಿನವನ ಕೆಲಸ ತೆಗೆಯುವುದು ಬೇಡ, ಅವನಿಗೆ ಆ ನಿಯಮ ಕೊಟ್ಟವರು ಅವನಿಗಿಂತ ಮೇಲೆ ಕೂತಿದ್ದಾರೆ. ನೀವು ಒಂದು ದಿನ ನಮ್ಮ ಕಾರಿನಲ್ಲಿ ಕೂರಬೇಕು. ಮುಂದೆ ಅಲ್ಲ, ಹಿಂದೆ, ಟೈಲರಣ್ಣ ಕೂರುತ್ತಿದ್ದ ಜಾಗದಲ್ಲಿ. ಟ್ಯಾಂಕು ತುಂಬಿಸಿ, ಬೂದು ಮುಚ್ಚಳವನ್ನು ನಿಮ್ಮ ಕೈಯಿಂದಲೇ ಬಿಗಿಯಿರಿ. ನನ್ನ ಸೊಸೆಯ ಕೈಗೆ ಓಡಿಸುವ ಹಕ್ಕಿಲ್ಲ ಎಂದಿದ್ದೀರಿ, ಸರಿ, ನಿಮ್ಮ ಸ್ವಂತ ಚಾಲಕನನ್ನೇ ಕೂರಿಸಿ, ನಿಮಗೆ ಅತ್ಯಂತ ನಂಬಿಕೆಯಿರುವವನನ್ನು. ಮುಚ್ಚಳ ತೆರೆಯದೆ ಸೇತುವೆಯ ಕಡೆ ಹೊರಡಿ. ಕಾರು ನಿಂತಾಗ ನಿಮ್ಮ ಚಾಲಕನನ್ನು ಕೇಳಿ, ಕ್ಲಚ್ಚು ಸರಿಯಾಗಿ ಒತ್ತಿದೆಯಾ ಎಂದು. ಅವನು ಕೊಡುವ ಉತ್ತರವನ್ನು ನನ್ನ ಸೊಸೆಯ ಷರಾದ ಮೇಲೆ ಬರೆದು, ಅದೇ ಮೊಹರು ಒತ್ತಿ, ನಮ್ಮ ಮನೆಗೆ ಬಂದು, ನನ್ನ ಮಗನ ಎದುರು ಅವಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಪರವಾನಗಿಯನ್ನು ಅಂದೇ ಜೊತೆಗೆ ತನ್ನಿ.

ತಡ ಮಾಡಬೇಡಿ. ನಮ್ಮ ಕಪ್ಪು ಮುಚ್ಚಳ ಯಾರ ಕಾರಿನ ಮೇಲೆ ಕೂತಿದೆಯೋ ನನಗೆ ತಿಳಿಯದು. ಆ ಗೋಡೆಯಿಂದ ಹೀಗೆ ಹೊರಟ ತೂತಿಲ್ಲದ ಮುಚ್ಚಳಗಳು ಇನ್ನೆಷ್ಟಿವೆಯೋ ನಿಮಗೂ ತಿಳಿಯದು. ನೀವು ಇದನ್ನು ಓದುತ್ತಿರುವಾಗಲೂ ಗೇಟಿನಲ್ಲಿ ಒಂದು ಮುಚ್ಚಳವನ್ನು ‘ಕೂತಿತಲ್ಲ’ ಎಂದು ತಿರುಪಿ, ‘ಮುಂದೆ ಹೋಗಿ’ ಎನ್ನುತ್ತಿದ್ದಾರೆ. ಮುಂದೆ ಸೇತುವೆ ಇದೆ. ಕಾರು ನಿಂತಾಗ ಹಿಂದಿನ ಸೀಟಿನಲ್ಲಿ ಕೂತವರಿಗೆ ಮಾಡಲು ಏನೂ ಇರುವುದಿಲ್ಲ ಸ್ವಾಮಿ, ಬಸ್ಸಿನ ಸದ್ದು ಕೇಳುವುದೊಂದನ್ನು ಬಿಟ್ಟು.

ಇಂತಿ,
ನಿಮ್ಮ ಕಡತದಲ್ಲಿ ‘ದೋಷ ಚಾಲಕಿಯದು’ ಎನಿಸಿಕೊಂಡವಳ ಅತ್ತೆ
(ಅವಳನ್ನು ಬೈಯುವ ಹಕ್ಕನ್ನು ನಿಮಗೆ ಬಿಟ್ಟುಕೊಡದವಳು, ಬೂದು ಮುಚ್ಚಳ ನನ್ನ ಕೈಚೀಲದಲ್ಲಿಯೇ ಇದೆ)