ಕೇಳದೆ ಬರೆದ ‘ಇಲ್ಲ’

೧೨ ನವೆಂಬರ್ ೨೦೨೫, ಬುಧವಾರ. ಕಮತಗಿ

ಅತ್ತೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಬಾಗಲಕೋಟೆಯ ಡಾಕ್ಟರು ಇವತ್ತು ರಿಪೋರ್ಟ್ ನೋಡಿ ಹೇಳಿದರು. ಆಪರೇಷನ್ ಮಾಡುವ ಹಂತ ದಾಟಿದೆಯಂತೆ. ಸೋಮವಾರದಿಂದ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಾರೆ.

ಅತ್ತೆಗೆ ಮುಟ್ಟು ನಿಂತು ಹತ್ತು ವರ್ಷವಾಗಿದೆ. ಮತ್ತೆ ರಕ್ತ ಹೋಗಲು ಶುರುವಾಗಿ ಒಂದೂವರೆ ವರ್ಷವಾಯಿತೆಂದು ಡಾಕ್ಟರ ಮುಂದೆಯೇ ನನಗೆ ಗೊತ್ತಾದದ್ದು. ಹಳೆಯ ಸೀರೆಯ ಬಟ್ಟೆ ಇಟ್ಟುಕೊಂಡು, ನಾವು ಏಳುವ ಮೊದಲೇ ಅದನ್ನು ಒಗೆದು ಹಾಕಿ, ಏನೂ ಆಗದವರಂತೆ ಮಗ್ಗಕ್ಕೆ ಕೂರುತ್ತಿದ್ದರು. ಅದೇ ಮನೆಯಲ್ಲಿ ನಾನೂ ಇದ್ದೆ. ಆಶಾ ಕಾರ್ಯಕರ್ತೆಯೆಂದು ಮನೆ ಮನೆಗೆ ಹೋಗಿ, “ಮುಟ್ಟ ನಿಂತ ಮ್ಯಾಲೆ ಮತ್ತ ರಕ್ತ ಹೋಗ್ತೈತೇನ್ರಿ?” ಎಂದು ಹೆಂಗಸರನ್ನು ಕೇಳಿ ಬರೆದುಕೊಳ್ಳುವವಳು.

ಬರುವಾಗ ಬಸ್ಸಿನಲ್ಲಿ ಕೇಳಿದೆ.

“ನನಗ ಯಾಕ ಹೇಳ್ಲಿಲ್ರಿ ಅತ್ತಿ?”

“ಸೊಸಿ ಮುಂದ ಅದನ್ನ ಹೆಂಗ ಹೇಳ್ಲೆವ್ವಾ, ನಾಚಿಕಿ ಬರ್ತೈತಿ. ನೀನ ಕೇಳಿದ್ರ ಹೇಳ್ತಿದ್ನೇನೋ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೋದ ವರ್ಷದ ಕೊನೆಗೆ ನಮ್ಮ ಮನೆಯ ಆ ಪ್ರಶ್ನೆಗಳ ಫಾರ್ಮು ತುಂಬಿದ್ದು ನಾನೇ. ಅವತ್ತು ಗಡಿಬಿಡಿಯಿತ್ತು. ಒಳಗೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಅತ್ತೆ ಗಟ್ಟಿಯಾಗಿದ್ದಾರೆ, ಕೇಳುವುದೇನು ಎಂದು ‘ಶೇಖವ್ವ’ ಎಂಬ ಹೆಸರಿನ ಕೆಳಗೆ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದೆ.

ಇದನ್ನು ಅವರಿಗೆ ಹೇಳಬೇಕು. ಸಂಜೆ ಬಾಯಿತನಕ ಬಂತು. ಅಷ್ಟರಲ್ಲಿ ಅವರು, “ಮುಂಜಾನಿಂದ ಏನೂ ತಿಂದಿಲ್ಲ ನೀ, ಉಣ್ಣು ಬಾ” ಎಂದು ತಾವೇ ರೊಟ್ಟಿ ಹಾಕಿ ಎದುರು ಕೂತರು.

ಉಂಡೆ. ಹೇಳಲಿಲ್ಲ.